ಉಪ್ಪುನೀರಿನ ಅಕ್ವೇರಿಯಂ: ಪಾಚಿಗೆ ಕಾರಣ ಯಾವ ನೀರು?

ಪ್ರಶ್ನೆ: ನಾನು ಬೆಂಗಳೂರಿನ ವೈಟ್‌ಫೀಲ್ಡ್ ಸಮೀಪದ ಅಪಾರ್ಟ್‌ಮೆಂಟ್ ಒಂದರಲ್ಲಿದ್ದೇನೆ. ಐದು ತಿಂಗಳ ಹಿಂದೆ 60 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಮಾಡಿಕೊಂಡೆ. ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಸೀಗಡಿ ಮತ್ತು ನಾಲ್ಕು ಬಸವನಹುಳುಗಳಿವೆ. ನಮಗೆ ಬರುವುದು ಬೋರ್‌ವೆಲ್ ನೀರು. ಅದು ಕಟ್ಟಡದ ಸಾಫ್ಟ್‌ನರ್ ಹಾಯ್ದು ಬರುತ್ತದೆ. ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ನಲ್ಲಿಯ ನೀರು 620, ಅಡುಗೆಮನೆಯ ಆರ್‌ಒ ನೀರು 85 ತೋರಿಸುತ್ತದೆ. ಉಪ್ಪು ಕರಗಿಸಲು ಆರ್‌ಒ ನೀರನ್ನು ಬಳಸುತ್ತೇನೆ. ದಿನಕ್ಕೆ ಸುಮಾರು ಒಂದು ಲೀಟರ್ ಆವಿಯಾಗುವುದರಿಂದ ಅಷ್ಟನ್ನು ನಲ್ಲಿಯಿಂದಲೇ ತುಂಬುತ್ತೇನೆ. ಗಾಜಿನ ಮೇಲೆ ಕಂದು ಪಾಚಿಯೂ ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿಯೂ ಬಿಡದೆ ಬೆಳೆಯುತ್ತಿವೆ. ಅಂಗಡಿಯವರು ಯುವಿ ದೀಪ ಹಾಕಿಸಲು ಹೇಳುತ್ತಾರೆ, ಸ್ನೇಹಿತರೊಬ್ಬರು ಆರ್‌ಒ ನೀರಿನಲ್ಲಿ ಉಳಿದ ಲವಣದ ಕಣಗಳನ್ನು (ಅಯಾನುಗಳನ್ನು) ತೆಗೆಯುವ ಡಿಐ ಕಾರ್ಟ್ರಿಜ್ ಎನ್ನುತ್ತಾರೆ. ಯಾವುದಕ್ಕೆ ಹಣ ಹಾಕಲಿ?

ಉತ್ತರ: ಡಿಐಗೆ ಹಾಕಿ. ಆದರೆ ಅದಕ್ಕೂ ಮೊದಲು, ದಿನವೂ ನಲ್ಲಿಯಿಂದ ತುಂಬುತ್ತಿರುವ ಆ ಒಂದು ಲೀಟರನ್ನು ಇಂದಿನಿಂದಲೇ ನಿಲ್ಲಿಸಿ. ನಿಮ್ಮ ಪತ್ರದಲ್ಲಿ ತೀರ ಸಾಧಾರಣವೆಂಬಂತೆ ಬಂದುಹೋಗಿರುವ ಆ ವಾಕ್ಯದಲ್ಲೇ ಪಾಚಿಯ ಮೂಲವಿದೆ ಎಂದು ನನ್ನ ಅಂದಾಜು.

ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರಿಯ ನೀರು. ಅದರಲ್ಲಿ ಕರಗಿದ್ದುದೆಲ್ಲ ಒಳಗೇ ಉಳಿಯುತ್ತದೆ. ಆದ್ದರಿಂದ ಮೇಲಿಂದ ತುಂಬುವ ನೀರಿನಲ್ಲಿ ಏನಿದೆಯೋ ಅದು ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತ ಹೋಗುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ನೈಟ್ರೇಟ್ ಇದೆ ಎಂದಿಟ್ಟುಕೊಳ್ಳೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿರುವ ಮಿತಿ 45 ಮಿಲಿಗ್ರಾಂ ಆಗಿರುವುದರಿಂದ ಮನುಷ್ಯರಿಗೆ ಅದು ಒಪ್ಪಿತ ನೀರೇ. ಆದರೆ ತಿಂಗಳಿಗೆ 30 ಲೀಟರ್ ತುಂಬಿದಾಗ 900 ಮಿಲಿಗ್ರಾಂ ನೈಟ್ರೇಟ್ ಒಳಗೆ ಸೇರುತ್ತದೆ. 60 ಲೀಟರಿಗೆ ಹಂಚಿದರೆ ಲೀಟರಿಗೆ 15 ಮಿಲಿಗ್ರಾಂ. ಮೀನಿಗೆ ಒಂದು ಕಾಳು ಆಹಾರ ಹಾಕುವ ಮೊದಲೇ ಪಾಚಿಗೆ ಊಟ ಬಡಿಸಿದಂತಾಯಿತು. ಸಮುದ್ರದ ತೊಟ್ಟಿಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳುವವರು ನೈಟ್ರೇಟನ್ನು 10ರ ಕೆಳಗೆ, ಫಾಸ್ಫೇಟನ್ನು 0.1ರ ಕೆಳಗೆ ಹಿಡಿದಿಡಲು ನೋಡುತ್ತಾರೆ.

ಸಾಫ್ಟ್‌ನರ್ ಇದೆಯಲ್ಲ ಎಂದು ನೀವು ಕೇಳಬಹುದು. ಕಟ್ಟಡದ ಸಾಫ್ಟ್‌ನರ್ ನೀರಿನ ಗಡಸುತನಕ್ಕೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಗೀಸರಿನಲ್ಲಿ ಬಿಳಿ ಪದರ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆಯಾಗುತ್ತದೆ, ಅಷ್ಟೇ. ನೈಟ್ರೇಟ್, ಫಾಸ್ಫೇಟ್, ಸಿಲಿಕಾಗಳನ್ನು ಅದು ಮುಟ್ಟುವುದೂ ಇಲ್ಲ. ಕುದಿಸಿ ಆರಿಸಿದ ನೀರಿನ ಕಥೆಯೂ ಬೇರೆಯಲ್ಲ. ಕುದಿದಷ್ಟೂ ನೈಟ್ರೇಟ್ ಸಾಂದ್ರವಾಗುತ್ತದೆ.

ಇನ್ನು ಆರ್‌ಒ ಯಂತ್ರ ತೋರಿಸುತ್ತಿರುವ 85ರ ವಿಚಾರ. ಸುಸ್ಥಿತಿಯಲ್ಲಿರುವ ಮೆಂಬ್ರೇನ್, ಅಂದರೆ ಯಂತ್ರದೊಳಗಿನ ಸೋಸುವ ಪೊರೆ, ಕರಗಿದ ಲವಣಗಳಲ್ಲಿ ನೂರಕ್ಕೆ 90ರಿಂದ 95ರಷ್ಟನ್ನು ತಡೆಯುತ್ತದೆ. ಆ ಲೆಕ್ಕದಲ್ಲಿ 620 ಇದ್ದದ್ದು 31ರಿಂದ 62ರ ನಡುವೆ ಎಲ್ಲಾದರೂ ಬರಬೇಕಿತ್ತು. ಮೆಂಬ್ರೇನ್ ಹಳೆಯದಾಗಿರಬಹುದು, ಅದಕ್ಕಿಂತ ಹೆಚ್ಚಾಗಿ ನನಗೆ ಅನುಮಾನ ಬರುವುದು ಯಂತ್ರದೊಳಗಿನ ಟಿಡಿಎಸ್ ಕಂಟ್ರೋಲರ್ ಮೇಲೆ. ನಮ್ಮ ಅಡುಗೆಮನೆಯ ಯಂತ್ರಗಳು ಕುಡಿಯುವವರ ನಾಲಿಗೆಗೆಂದು ಮಾಡಿದವು. ಸಪ್ಪೆಯಾಗಬಾರದೆಂದು ಮೆಂಬ್ರೇನ್ ಹಾಯದ ನೀರನ್ನು ಅವು ಸ್ವಲ್ಪ ಬೆರೆಸುತ್ತವೆ, ಇಲ್ಲವೇ ಖನಿಜದ ಕಾರ್ಟ್ರಿಜ್ ಮೂಲಕ ಹಾಯಿಸುತ್ತವೆ. ಈಚೆಗೆ ತಾಮ್ರ ಸೇರಿಸುವ ಯಂತ್ರಗಳಂತೂ ಬಹಳ ಮನೆಗಳಲ್ಲಿವೆ. ತಾಮ್ರವು ಸೀಗಡಿಗೂ ಬಸವನಹುಳುವಿಗೂ ಅತ್ಯಲ್ಪ ಪ್ರಮಾಣದಲ್ಲೇ ವಿಷ. ಇದೇ ಕಾರಣಕ್ಕೆ, ಅಕ್ವೇರಿಯಂಗೆಂದು ಹಿಡಿದ ನೀರನ್ನು ಅಜ್ಜಿಯ ಕಾಲದ ತಾಮ್ರದ ಬಿಂದಿಗೆಯಲ್ಲಿ ತುಂಬಿಡುವುದೂ ಬೇಡ. ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಕ್ಯಾನ್ ಸಾಕು.

ಸರ್ವಿಸ್ ಮಾಡುವವರು ಬಂದಾಗ, ಮೆಂಬ್ರೇನಿನಿಂದ ಹೊರಬರುವ ಪೈಪಿಗೆ, ಅಂದರೆ ಕಂಟ್ರೋಲರ್ ಮತ್ತು ಖನಿಜ ಕಾರ್ಟ್ರಿಜ್‌ಗಳಿಗೆ ಮೊದಲೇ, ಒಂದು ‘ಟಿ’ ಜೋಡಿಸಿ ಪ್ರತ್ಯೇಕ ಕವಾಟ ಇಡಿಸಿಕೊಳ್ಳಿ. ಆ ಕವಾಟದ ಮುಂದೆ ಡಿಐ ಕಾರ್ಟ್ರಿಜ್ ಬರಬೇಕು. ಅದರೊಳಗಿನ ರೆಸಿನ್ ಮಣಿಗಳು ಮೆಂಬ್ರೇನ್ ದಾಟಿ ಬಂದ ಉಳಿದ ಅಯಾನುಗಳನ್ನು ಹಿಡಿದು, ಮೀಟರಿನಲ್ಲಿ 0 ಇಲ್ಲವೇ 1 ಕಾಣಿಸುವಷ್ಟು ನೀರನ್ನು ಶುದ್ಧಗೊಳಿಸುತ್ತವೆ. ನಲ್ಲಿಯ ನೀರನ್ನು ನೇರವಾಗಿ ಡಿಐಗೆ ಕೊಟ್ಟರೆ ಮಣಿಗಳು ಬಹುಬೇಗ ಸೋಲುತ್ತವೆ. 85ರ ನೀರು ಕೊಡುವುದಕ್ಕಿಂತ 31ರ ನೀರು ಕೊಟ್ಟರೆ ಅದೇ ಕಾರ್ಟ್ರಿಜ್ ಹೆಚ್ಚುಕಡಿಮೆ ಎರಡೂವರೆ ಪಟ್ಟು ಬಾಳುತ್ತದೆ. ಬಣ್ಣ ಬದಲಿಸುವ ರೆಸಿನ್ ಕೊಂಡರೆ ಎಷ್ಟು ಭಾಗ ಸೋತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹಿಡಿಯುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ಯಂತ್ರ ರಾತ್ರಿಯಿಡೀ ನಿಂತಿದ್ದರೆ ಮೆಂಬ್ರೇನಿನ ಆಚೆಯ ಲವಣ ನಿಧಾನವಾಗಿ ಈಚೆಗೆ ಜಿನುಗಿರುತ್ತದೆ. ಬೆಳಿಗ್ಗೆ ಕವಾಟ ತೆರೆದ ಕೂಡಲೇ ಮೀಟರ್ ಹಿಡಿದು ನೋಡಿ: ಮೊದಲ ಲೋಟದ ಅಂಕಿ ಆಮೇಲಿನದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಆ ಮೊದಲ ಐದು ನಿಮಿಷದ ನೀರನ್ನು ಡಿಐಗೆ ಬಿಡದೆ ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಿ.

ಗಾಜಿನ ಮೇಲಿನ ಕಂದು ಪಾಚಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದು ಬಹುಮಟ್ಟಿಗೆ ಡಯಾಟಮ್. ಸಿಲಿಕಾದಿಂದ ತನ್ನ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮಜೀವಿ. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಅದು ಕಾಣಿಸಿಕೊಂಡು ತಾನಾಗಿಯೇ ಹೋಗುವುದು ಸಹಜ. ಐದು ತಿಂಗಳಾದರೂ ಹೋಗಿಲ್ಲವೆಂದರೆ ಎಲ್ಲಿಂದಲೋ ಸಿಲಿಕಾ ಬರುತ್ತಲೇ ಇದೆ ಎಂದರ್ಥ. ಬೆಂಗಳೂರಿನ ಸುತ್ತಲಿನ ಬೋರ್‌ವೆಲ್ ನೀರು ಗ್ರಾನೈಟ್ ಮತ್ತು ಅದನ್ನು ಹೋಲುವ ನೈಸ್ ಎಂಬ ಬಂಡೆಗಳ ಬಿರುಕಿನಲ್ಲಿ ನಿಂತಿದ್ದು ಬರುವುದರಿಂದ ಅದರಲ್ಲಿ ಸಿಲಿಕಾ ಕರಗಿರುವುದು ಆಶ್ಚರ್ಯವಲ್ಲ. ತೊಡಕೆಂದರೆ, ಕರಗಿದ ಸಿಲಿಕಾಕ್ಕೆ ವಿದ್ಯುದಾವೇಶ ಇಲ್ಲವೆಂಬಷ್ಟು ಕಡಿಮೆ. ವಿದ್ಯುತ್ ವಾಹಕತೆಯನ್ನು ಅಳೆದು ಅಂಕಿ ಕೊಡುವ ಟಿಡಿಎಸ್ ಮೀಟರಿಗೆ ಅದು ಕಾಣುವುದೇ ಇಲ್ಲ. ರೆಸಿನ್ ಸೋಲತೊಡಗಿದಾಗ ಮೊದಲು ಜಾರಿ ಹೊರಬರುವುದೂ ಸಿಲಿಕಾವೇ. ಆದ್ದರಿಂದ ಮೀಟರಿನಲ್ಲಿ 2 ಅಥವಾ 3 ಕಂಡಾಗ ‘ಪರವಾಗಿಲ್ಲ’ ಎನ್ನದೆ ರೆಸಿನ್ ಬದಲಿಸುವುದು ಒಳ್ಳೆಯದು.

ಅಂಗಡಿಯವರು ಹೇಳಿದ ಯುವಿ ಕೆಟ್ಟದ್ದೇನಲ್ಲ. ನೀರಿನಲ್ಲಿ ತೇಲುವ ಪಾಚಿಯನ್ನೂ ಕೆಲವು ರೋಗಾಣುಗಳನ್ನೂ ಅದು ಕೊಲ್ಲುತ್ತದೆ. ನೀರೇ ಹಸಿರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಕಲ್ಲಿಗೆ ಅಂಟಿಕೊಂಡ ಪಾಚಿ ದೀಪದ ಬಳಿಗೆ ಹೋಗುವುದಿಲ್ಲ, ದೀಪ ನೈಟ್ರೇಟನ್ನು ತೆಗೆಯುವುದೂ ಇಲ್ಲ.

ಲೆಕ್ಕ ಹಾಕಿದರೆ ನಿಮಗೆ ವಾರಕ್ಕೆ ಆವಿಯ ಬದಲಿಗೆ 7 ಲೀಟರ್, ಹತ್ತರಲ್ಲೊಂದು ಭಾಗ ನೀರು ಬದಲಿಸಲು 6 ಲೀಟರ್, ಒಟ್ಟು 13 ಲೀಟರ್ ಬೇಕು. ಇಷ್ಟಕ್ಕೆ ಅಕ್ವೇರಿಯಂಗೆಂದೇ ಮಾಡಿದ ದುಬಾರಿ ಘಟಕ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಮನೆಯ ಯಂತ್ರಕ್ಕೆ ಒಂದು ಕವಾಟ, ಒಂದು ಡಿಐ ಕಾರ್ಟ್ರಿಜ್ ಮತ್ತು ನೈಟ್ರೇಟ್, ಫಾಸ್ಫೇಟ್ ಪರೀಕ್ಷೆಯ ಕಿಟ್‌ಗಳು ಸಾಕು.

ನೀರು ಶುದ್ಧವಾದ ಮೇಲೂ ಫಾಸ್ಫೇಟ್ ಏರುತ್ತಿದ್ದರೆ ಅದು ಆಹಾರದಿಂದ ಬಂದದ್ದು. ಫ್ರೀಜ್ ಮಾಡಿದ ಆಹಾರವನ್ನು ಚಹಾ ಸೋಸುವ ಜಾಲರಿಯಲ್ಲಿ ಕರಗಿಸಿ, ಬಸಿದ ರಸವನ್ನು ಚೆಲ್ಲಿ ಆಮೇಲೆ ಹಾಕಿ. ಎರಡು ಮೀನಿಗೆ ನೀವು ಹಾಕುತ್ತಿರುವುದು ಬಹುಶಃ ನಾಲ್ಕು ಮೀನಿನ ಊಟ. ಈಗಿರುವ ಕೂದಲು ಪಾಚಿಯನ್ನು ಹಳೆಯ ಟೂತ್‌ಬ್ರಷ್‌ಗೆ ಸುತ್ತಿ ಕಿತ್ತು ಹೊರಗೆ ಹಾಕಬೇಕು. ಫಲ ಕಾಣಲು ಒಂದೆರಡು ತಿಂಗಳು ಬೇಕಾದೀತು.

ಪ್ರಶ್ನೆ: ನಮ್ಮ ಮನೆ ಮಂಗಳೂರಿನಲ್ಲಿ, ಕಡಲು ಎರಡು ಕಿಲೋಮೀಟರ್. ನಿಜವಾದ ಸಮುದ್ರದ ನೀರೇ ಸಿಗುವಾಗ ಆರ್‌ಒ ನೀರಿಗೆ ಉಪ್ಪು ಬೆರೆಸುವ ಕಷ್ಟ ಏಕೆ?

ಉತ್ತರ: ಒಳ್ಳೆಯ ಸಮುದ್ರದ ನೀರಿಗೆ ಸಾಟಿಯಿಲ್ಲ, ಆದರೆ ದಡದಲ್ಲಿ ಕೊಡ ಮುಳುಗಿಸಿ ತಂದದ್ದು ಆ ನೀರಲ್ಲ. ನೇತ್ರಾವತಿ ಮತ್ತು ಫಲ್ಗುಣಿ ಒಂದೇ ಅಳಿವೆಯಲ್ಲಿ ಕಡಲು ಸೇರುವ ನಿಮ್ಮೂರಿನ ದಡದ ನೀರಿನಲ್ಲಿ ಊರಿನ ಕೊಳೆಯೂ ಹೊಲದ ಗೊಬ್ಬರವೂ ಸೇರಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ನೀರು ಉಪ್ಪನ್ನು ತೆಳುವಾಗಿಸುತ್ತದೆ. ಅದೇ ಕಾಲದಲ್ಲಿ ಅರಬ್ಬಿ ಸಮುದ್ರದ ಆಳದ ತಣ್ಣೀರು ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೊತ್ತು ಮೇಲೇಳುತ್ತದೆ. ಮೀನುಗಾರರಿಗೆ ಅದು ವರ, ನಿಮ್ಮ ಗಾಜಿನ ಪೆಟ್ಟಿಗೆಗೆ ಅಲ್ಲ. ನೀರಿನಲ್ಲಿ ಸೂಕ್ಷ್ಮಜೀವಿಗಳು ಕಿಕ್ಕಿರಿದು ರಾತ್ರಿ ಅಲೆಗಳು ನೀಲಿಯಾಗಿ ಮಿನುಗುವ ದಿನಗಳಲ್ಲಂತೂ ನೋಡಿ ಸಂತೋಷಪಟ್ಟು ಬರಿಗೈಯಲ್ಲಿ ಮನೆಗೆ ಹೋಗಿ.

ತರಲೇಬೇಕೆಂದಿದ್ದರೆ ಜನವರಿಯಿಂದ ಏಪ್ರಿಲ್ ನಡುವೆ, ಪರಿಚಯದ ದೋಣಿಯವರಿಂದ ದಡದಿಂದ ದೂರದ ನೀರನ್ನು ತರಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಕ್ಯಾನಿನಲ್ಲಿ ಕೆಲವು ವಾರ ಕತ್ತಲಲ್ಲಿಡಿ. ಬಳಸುವ ಮುನ್ನ, ಉಪ್ಪು ಎಷ್ಟಿದೆ ಎಂದು ತಿಳಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿದೆಯೇ, ನೈಟ್ರೇಟ್ ಎಷ್ಟಿದೆ ಎಂದು ಪರೀಕ್ಷಿಸಿ. ಹೋದಾಗ ಕಲ್ಲು, ಹವಳದ ತುಂಡುಗಳನ್ನು ಆಯ್ದು ತರುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಹವಳಗಳಿಗೆ ರಕ್ಷಣೆಯಿದೆ.

ಅಲ್ಲದೆ, ಕಡಲಿನ ನೀರು ತಂದ ಮಾತ್ರಕ್ಕೆ ಆರ್‌ಒ ತಪ್ಪುವುದಿಲ್ಲ. ದಿನವೂ ಆವಿಯಾದದ್ದನ್ನು ಕಡಲಿನ ನೀರಿನಿಂದ ತುಂಬಿದರೆ ಉಪ್ಪು ಏರುತ್ತ ಹೋಗಿ ಮೀನಿಗೆ ಸಂಕಟವಾಗುತ್ತದೆ. ಅದಕ್ಕೆ ಸಿಹಿನೀರೇ ಬೇಕು, ಆ ಸಿಹಿನೀರು ಆರ್‌ಒ ಮತ್ತು ಡಿಐ ಎರಡನ್ನೂ ಹಾಯ್ದು ಬಂದಿರಬೇಕು.