ಕೇಳಿ, ಹೇಳುತ್ತೇನೆ: ಲೈನ್‌ಮನೆಯ ಕೂಸು ಯಾಕೆ ಉಳಿಯಲಿಲ್ಲ?

ಪ್ರಶ್ನೆ: ಶ್ರೀಮಂಗಲದ ಹತ್ತಿರ ನಮ್ಮ ಕಾಫಿ ತೋಟ. ತೋಟದ ಕೂಲಿಯವರು ಇರುವ ಲೈನ್‌ಮನೆಯಲ್ಲಿ ಎರವರ (ಇಲ್ಲಿನ ಆದಿವಾಸಿಗಳು) ಹುಡುಗಿಯೊಬ್ಬಳಿಗೆ ಬಸಿರು ಎಂಟು ತಿಂಗಳು ತುಂಬಿತ್ತು, ಕೂಸು ಹೊಟ್ಟೆಯಲ್ಲೇ ತೀರಿಹೋಯಿತು. ಅದೇ ತಿಂಗಳು ನನ್ನ ಸೊಸೆಗೆ ಮೈಸೂರಲ್ಲಿ ಸುಸೂತ್ರ ಹೆರಿಗೆಯಾಯಿತು. ಎಲ್ಲರೂ ಹಣೆಬರಹ ಅಂತಾರೆ. ನಮ್ಮಿಂದ ಏನಾದರೂ ಆಗುತ್ತಿತ್ತೇ ಅಮ್ಮಾ?
– ಓದುಗರು, ದಕ್ಷಿಣ ಕೊಡಗು

ಉತ್ತರ: ಹಣೆಬರಹ ಊರು, ಮನೆ ನೋಡಿಕೊಂಡು ಬರೆಯುತ್ತದೆಯೇ ತಾಯಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ಪಟ್ಟಣಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 18 ಕೂಸುಗಳು ಒಂದು ತಿಂಗಳು ತುಂಬುವ ಮೊದಲೇ ಹೋಗುತ್ತವೆ, ಹಳ್ಳಿಗಳಲ್ಲಿ 27ಕ್ಕೂ ಹೆಚ್ಚು. ನಿಮ್ಮ ಲೈನ್‌ಮನೆಯ ಕೂಸು ಆ ಲೆಕ್ಕದಲ್ಲೂ ಇಲ್ಲ, ಅದು ಉಸಿರಾಡಿರಲೇ ಇಲ್ಲವಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಇಂಥ ಜನನವನ್ನೂ ನೋಂದಾಯಿಸಬೇಕು. ಮಾಡಿಸಿದ್ದೀರಾ?

ನಾನು ಈ ಕಡೆಯೇ ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದವಳು. ಕೊಯ್ಲು ಬಂತೆಂದರೆ ಕೂಲಿ ಕೆ.ಜಿ. ಲೆಕ್ಕ. ತುಂಬು ಬಸುರಿಯೂ ಹಣ್ಣಿನ ಚೀಲ ಹೊತ್ತು ತೂಕಕ್ಕೆ ಸಾಲು ನಿಲ್ಲುತ್ತಾಳೆ. ತಪಾಸಣೆಗೆ ಹೋದರೆ ಆ ದಿನದ ಕೂಲಿ ಖೋತಾ. ಹಾಗಾಗಿ ತಾಯಿ ಕಾರ್ಡಿನಲ್ಲಿ ಬಿ.ಪಿ.ಯ ಜಾಗ ಖಾಲಿ. ರಕ್ತಹೀನತೆಯಂತೂ ಇದ್ದದ್ದೇ. ಎರವರು, ಜೇನುಕುರುಬರಲ್ಲಿ ರಕ್ತಕಣಗಳು ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಸಿಕಲ್ ಸೆಲ್ ಕಾಯಿಲೆಯೂ ಇದೆ, ಪರೀಕ್ಷೆ ಆಗದವರು ಎಷ್ಟೋ ಮಂದಿ. "ನಿನ್ನೆಯಿಂದ ಕೂಸು ಆಡ್ತಿಲ್ಲ" ಅನ್ನುವುದು ಹುಡುಗಿಗೆ ಗೊತ್ತಿರುತ್ತದೆ. ಹೇಳುವುದು ಯಾರಿಗೆ, ತೋಟದ ಲೆಕ್ಕ ಬರೆಯುವ ರೈಟರಿಗೆ? ನಾಚಿಕೆ. ಹೇಳಿದರೂ ಶ್ರೀಮಂಗಲದಿಂದ ಗೋಣಿಕೊಪ್ಪ, ಅಲ್ಲಿ ಆಗದಿದ್ದರೆ ವಿರಾಜಪೇಟೆ, ಅಲ್ಲಿಂದ ಮಡಿಕೇರಿ. ಮಳೆಗಾಲದಲ್ಲಿ ತೋಟದ ದಾರಿಗೆ 108 ಇಳಿಯುವುದೂ ಕಷ್ಟ.

ಎಲ್ಲ ಕೂಸುಗಳನ್ನೂ ಉಳಿಸಲಾಗದು, ಮೈಸೂರಿನಲ್ಲೂ ಆಗದು. ಆದರೂ ನಿಮ್ಮಿಂದ ಆಗುತ್ತಿತ್ತು. ನಿಮ್ಮಂಗಳದಲ್ಲಿ ಜೀಪು ಇದೆ ತಾನೇ? ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ. ಆ ದಿನದ ಕೂಲಿ ಕೊಟ್ಟು, ಜೀಪಿನಲ್ಲೇ ಕಳಿಸಿ. ಕೂಸಿನ ಆಟ ಕಡಿಮೆಯಾದರೆ, ರಕ್ತ ಹೋದರೆ, ತಲೆನೋವು ಬಂದು ಕಣ್ಣು ಮಂಜಾದರೆ ರಾತ್ರಿ ಹನ್ನೆರಡಾದರೂ ನಿಮ್ಮ ಬಾಗಿಲು ಬಡಿಯಬಹುದೆಂದು ಹೆಂಗಸರಿಗೆ ನೀವೇ ಹೇಳಿ, ರೈಟರ ಮೂಲಕ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ನಿಗೂ ದುಡ್ಡಿಲ್ಲ.

ಆ ಹುಡುಗಿ ಈಗ ಹೇಗಿದ್ದಾಳೆಂದು ನೀವು ಬರೆದಿಲ್ಲ. ಕೂಸಿಲ್ಲದಿದ್ದರೂ ಎದೆಹಾಲು ಇಳಿಯುತ್ತದೆ, ಬಾವು ಬರಬಹುದು. ಆಶಾ ಕಾರ್ಯಕರ್ತೆಯನ್ನು ಕರೆಸಿ ತೋರಿಸಿ. ಬಾಣಂತನದಷ್ಟು ದಿನ ಕೂಲಿ ಸಹಿತ ರಜೆ ಕೊಡಿ.