ಮಕ್ಕಳ ಕೈಗೆ ಸ್ಟೀರಿಂಗ್: ಯಾವ ವಯಸ್ಸಿಗೆ, ಯಾವ ಕ್ರಮದಲ್ಲಿ?

ಹದಿಹರೆಯದವರು ವಾಹನ ಓಡಿಸಲು ಶುರು ಮಾಡುವ ವಯಸ್ಸಿನ ಬಗ್ಗೆ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳಿಗೆ ಚಾಲನಾ ತರಬೇತುದಾರರ ಉತ್ತರ ಇಲ್ಲಿದೆ.

ಪ್ರಶ್ನೆ: ನನ್ನ ಮಗನಿಗೆ 16 ತುಂಬಿದೆ. ಆಟದಲ್ಲಿ ಚುರುಕು, ಹೇಳಿದ ಮಾತು ಮೀರುವವನಲ್ಲ. ಕಾರು ಕಲಿಸಿ ಎಂದು ಒಂದೇ ಸಮನೆ ಹಠ ಮಾಡುತ್ತಿದ್ದಾನೆ. ಈಗಲೇ ಕಲಿತರೆ ಕೈ ಬೇಗ ಪಳಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ನನಗೆ 18 ಕೂಡ ಕಡಿಮೆ, 21 ಆಗಲಿ ಅನಿಸುತ್ತದೆ. ಒಂದೊಂದು ದೇಶದಲ್ಲಿ ಒಂದೊಂದು ವಯಸ್ಸು ಇದೆಯಂತೆ. ಸರಿಯಾದ ವಯಸ್ಸು ಯಾವುದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಾನೂನು ಒಪ್ಪುವ ಕಡೆ 16ಕ್ಕೆ ಕಲಿಯಲು ಶುರು ಮಾಡಬಹುದು, ಆದರೆ ಅನುಭವಸ್ಥರೊಬ್ಬರು ಪಕ್ಕದಲ್ಲಿ ಕೂತಿರಲೇಬೇಕು. ಒಬ್ಬನೇ ಓಡಿಸುವುದಕ್ಕೆ 18. ಗೆಳೆಯರನ್ನು ಕೂರಿಸಿಕೊಂಡು ರಾತ್ರಿ ಹೊತ್ತು ಹೋಗುವುದೆಲ್ಲ ಅದಾಗಿ ಒಂದು ವರ್ಷದ ಮೇಲೆ. ಕಲಿಯುವುದು, ಒಬ್ಬನೇ ಹೋಗುವುದು, ಗೆಳೆಯರ ಜೊತೆ ಹೋಗುವುದು ಈ ಮೂರನ್ನೂ ಒಂದೇ ವಯಸ್ಸಿಗೆ ಗಂಟು ಹಾಕಿಬಿಡುತ್ತೇವೆ. ಮನೆಯಲ್ಲಿ ಈ ವಾದ ಬಗೆಹರಿಯದೆ ಉಳಿಯುವುದು ಅದಕ್ಕೇ.

ದೇಶಗಳ ವಿಷಯ ನೀವು ಕೇಳಿರುವುದು ನಿಜ. ಅಮೆರಿಕದ ಸೌತ್ ಡಕೋಟದಲ್ಲಿ 14ಕ್ಕೇ ಕಲಿಕಾ ಪರವಾನಗಿ ಸಿಗುತ್ತದೆ. ಬ್ರಿಟನ್ನಿನಲ್ಲಿ ಕಾರಿಗೆ 17, ಭಾರತದಲ್ಲಿ 18. ಫ್ರಾನ್ಸ್ 2024ರಲ್ಲಿ 18ರಿಂದ 17ಕ್ಕೆ ಇಳಿಸಿತು. ನ್ಯೂಜಿಲೆಂಡ್ 2011ರಲ್ಲಿ ಕಲಿಕೆಯ ವಯಸ್ಸನ್ನು 15ರಿಂದ 16ಕ್ಕೆ ಏರಿಸಿತು. ಈ ಅಂಕಿಗಳನ್ನು ಮಿದುಳಿನ ಬೆಳವಣಿಗೆ ನೋಡಿ ಇಟ್ಟಿದ್ದಾರೆ ಅಂದುಕೊಳ್ಳಬೇಡಿ. ಊರುಗಳು ದೂರ ದೂರ ಇದ್ದು, ಬಸ್ಸು ರೈಲು ವಿರಳವಾಗಿರುವ ಕಡೆ ಮಕ್ಕಳು ಶಾಲೆಗೆ, ಕೆಲಸಕ್ಕೆ ತಾವೇ ಹೋಗಬೇಕಾಗುತ್ತದೆ. ಅಲ್ಲಿ ವಯಸ್ಸು ಕೆಳಗೆ ಬರುತ್ತದೆ. ಆದ್ದರಿಂದ ಅಲ್ಲಿ ಕೊಡುತ್ತಾರೆ ಎಂಬ ಮಾತು ನಿಮ್ಮ ಮನೆಯ ತೀರ್ಮಾನಕ್ಕೆ ಆಧಾರವಾಗುವುದಿಲ್ಲ.

ಇನ್ನು ನಿಮ್ಮ ಆತಂಕ. ಅದಕ್ಕೆ ಗಟ್ಟಿ ಕಾರಣವಿದೆ. 5ರಿಂದ 29 ವರ್ಷದವರೆಗಿನ ಮಕ್ಕಳು ಮತ್ತು ಯುವಕರನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಂದೇನಾದೀತು ಎಂದು ತೂಗಿ ನೋಡಿ ಕೈಯನ್ನು ತಡೆಯುವ ಮಿದುಳಿನ ಮುಂಭಾಗ 20ರ ದಶಕದ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ಹುಮ್ಮಸ್ಸು, ಹೊಸತರ ಸೆಳೆತ ಇವುಗಳಿಗೆ ಸಂಬಂಧಿಸಿದ ಭಾಗಗಳು ಮಾತ್ರ ಹದಿಹರೆಯದಲ್ಲೇ ಪೂರ್ತಿ ಚುರುಕಾಗಿರುತ್ತವೆ. ನಿಮ್ಮ ಮಗ ಒಳ್ಳೆಯ ಹುಡುಗ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಳದಿ ದೀಪ ಬಿದ್ದರೆ ಏನು ಮಾಡಬೇಕು ಎಂದು ಮನೆಯಲ್ಲಿ ಕೇಳಿ, ಸರಿಯಾದ ಉತ್ತರವನ್ನೇ ಹೇಳುತ್ತಾನೆ. ತಡವಾಗಿದೆ, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಮುಂದೆ ಅದೇ ಹಳದಿ ದೀಪ ಕಾಣುತ್ತಿದೆ ಅನ್ನುವ ಆ ಅರೆಗಳಿಗೆಯಲ್ಲಿ ಅದೇ ಉತ್ತರ ಅವನ ಕಾಲಿಗೆ ತಲುಪುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಆದರೆ ನಿಮ್ಮ ಯಜಮಾನರ ಮಾತನ್ನೂ ತಳ್ಳಿಹಾಕುವಂತಿಲ್ಲ. ಅಪಘಾತಕ್ಕೆ ಎಳೆ ವಯಸ್ಸು ಒಂದು ಕಾರಣ, ಹೊಸತನ ಇನ್ನೊಂದು. ಕ್ಲಚ್, ಗೇರು, ಬ್ರೇಕು ಕೆಲವೇ ವಾರಗಳಲ್ಲಿ ಕೈಗೆ ಹತ್ತಿಬಿಡುತ್ತವೆ. ಎಳೆಯರಿಗಂತೂ ಇನ್ನೂ ಬೇಗ. ಹತ್ತದೆ ಉಳಿಯುವುದು ಕಣ್ಣಿನ ಕೆಲಸ. ಹೊಸಬರ ನೋಟ ಬಾನೆಟ್ಟಿನ ಮುಂದಿನ ತುಂಡು ರಸ್ತೆಗೇ ಅಂಟಿಕೊಂಡಿರುತ್ತದೆ. ಪಳಗಿದವರು ದೂರಕ್ಕೆ ನೋಡುತ್ತಾರೆ, ಕನ್ನಡಿಗೆ ಬರುತ್ತಾರೆ, ಬದಿಗೆ ಹೊರಳುತ್ತಾರೆ. ನಿಂತ ಬಸ್ಸು ಕಂಡರೆ ಅದರ ಮುಂದಿನಿಂದ ಯಾರಾದರೂ ರಸ್ತೆಗೆ ಇಳಿದಾರು ಎಂದು ಕಾಲು ತಾನಾಗಿ ಬ್ರೇಕಿನ ಮೇಲೆ ಬರುತ್ತದೆ. ರಸ್ತೆಗೆ ಚೆಂಡು ಉರುಳಿ ಬಂದರೆ ಅದರ ಹಿಂದೆ ಮಗು ಬರುವುದನ್ನು ಮೊದಲೇ ಕಾಯುತ್ತಾರೆ. ಇದು ವಯಸ್ಸಾದ ಮಾತ್ರಕ್ಕೆ ಬರುವ ವಿದ್ಯೆಯಲ್ಲ, ಓಡಿಸಿ ಓಡಿಸಿಯೇ ಬರಬೇಕು. ಬ್ರಿಟನ್ 2002ರಿಂದ ಅಪಾಯ ಗುರುತಿಸುವ ಪರೀಕ್ಷೆಯನ್ನೇ ಪ್ರತ್ಯೇಕವಾಗಿ ಇಟ್ಟಿರುವುದು ಈ ಕಾರಣಕ್ಕೆ.

ಪಕ್ಕದಲ್ಲಿ ದೊಡ್ಡವರು ಕೂತಿರುವ ಕಲಿಕೆಯ ಅವಧಿಯಲ್ಲಿ ಅಪಘಾತ ತೀರಾ ಕಡಿಮೆ. ಲೈಸೆನ್ಸ್ ಸಿಕ್ಕಿ ಒಬ್ಬರೇ ಹೊರಟ ಮೊದಲ ಕೆಲವು ತಿಂಗಳಲ್ಲಿ ಅದು ಒಮ್ಮೆಲೇ ಮೇಲೇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆ ಮೊದಲ ತಿಂಗಳುಗಳನ್ನು ಹೇಗೆ ದಾಟಿಸುವುದು ಎಂಬುದೇ ಅಪ್ಪ ಅಮ್ಮಂದಿರ ಮುಂದಿರುವ ನಿಜವಾದ ಪ್ರಶ್ನೆ. ಸ್ವೀಡನ್ 1993ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಒಬ್ಬರೇ ಓಡಿಸುವ ವಯಸ್ಸನ್ನು 18ರಲ್ಲೇ ಇಟ್ಟು, ದೊಡ್ಡವರ ಜೊತೆ ಅಭ್ಯಾಸ ಮಾಡುವ ವಯಸ್ಸನ್ನು ಹದಿನೇಳೂವರೆಯಿಂದ 16ಕ್ಕೆ ಇಳಿಸಿತು. ಈ ಅವಕಾಶ ಬಳಸಿಕೊಂಡ ಮಕ್ಕಳು ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಗಂಟೆ ಅಭ್ಯಾಸ ಮಾಡಿದರು, ಲೈಸೆನ್ಸ್ ಪಡೆದ ಮೇಲೆ ಅವರ ಅಪಘಾತಗಳು ಗಮನಾರ್ಹವಾಗಿ ಕಡಿಮೆಯಾದವು. ಜರ್ಮನಿಯಲ್ಲಿ 17ಕ್ಕೆ ಓಡಿಸಬಹುದು, ಆದರೆ 18 ತುಂಬುವವರೆಗೆ ಕನಿಷ್ಠ 30 ವರ್ಷದ, ಐದು ವರ್ಷ ಹಳೆಯ ಲೈಸೆನ್ಸ್ ಇರುವ ಒಬ್ಬರು ಜೊತೆಗಿರಬೇಕು. ಹೀಗೆ ಬಂದ ಮಕ್ಕಳು ನೇರವಾಗಿ 18ಕ್ಕೆ ಒಬ್ಬರೇ ಶುರು ಮಾಡಿದವರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಅಪಘಾತ ಮಾಡಿದ್ದು ಅಲ್ಲಿನ ಅಧ್ಯಯನದಲ್ಲಿ ಕಂಡಿತು.

ಹಾಗಾದರೆ 21ರವರೆಗೆ ಕಾಯುವುದು? ಬರೀ ಕಾಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಂತ ಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿ 18 ತುಂಬದವರಿಗೆ ಮಾತ್ರ ಇದೆ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಈ ನಿಯಮ ಬಿಗಿಯಾಗಿದ್ದ ಕಡೆ 16 ವರ್ಷದ ಚಾಲಕರ ಮಾರಣಾಂತಿಕ ಅಪಘಾತ ಶೇ. 26ರಷ್ಟು ಕಡಿಮೆ, 18 ವರ್ಷದವರಲ್ಲಿ ಶೇ. 12ರಷ್ಟು ಹೆಚ್ಚು. 18ರವರೆಗೆ ಸುಮ್ಮನೆ ಕಾದು, ಅಭ್ಯಾಸವಿಲ್ಲದೆ ನೇರ ರಸ್ತೆಗೆ ಇಳಿದವರೂ ಇದಕ್ಕೆ ಒಂದು ಕಾರಣ ಇರಬಹುದು ಎಂದು ಸಂಶೋಧಕರು ಊಹಿಸಿದರು. ಈಜು ಬಾರದವನನ್ನು ದಡದಲ್ಲಿ ಎಷ್ಟು ವರ್ಷ ಕೂರಿಸಿದರೂ ಈಜು ಬರುವುದಿಲ್ಲ.

ಆದ್ದರಿಂದ ನಿಮ್ಮ ಕಾನೂನು ಕಲಿಕಾ ಲೈಸೆನ್ಸ್ ಕೊಡುವ ದಿನದಿಂದ ಮಗನನ್ನು ಕೂರಿಸಿಕೊಂಡು ಓಡಿಸಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 21 ತುಂಬದವರು ದೊಡ್ಡವರ ಜೊತೆ 120 ಗಂಟೆ ಓಡಿಸಿ, ಅದನ್ನು ದಾಖಲಿಸಿ ತೋರಿಸಬೇಕು. ಅದರಲ್ಲಿ 20 ಗಂಟೆ ರಾತ್ರಿಯದಾಗಿರಬೇಕು. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೂ ನೀವೇ ಅದನ್ನು ಮನೆಯ ನಿಯಮ ಮಾಡಿಕೊಳ್ಳಿ. ಮಳೆಯಲ್ಲಿ, ಮುಸ್ಸಂಜೆಯಲ್ಲಿ, ದಟ್ಟಣೆಯಲ್ಲಿ, ಹೆದ್ದಾರಿಯಲ್ಲಿ ಎಲ್ಲ ಕಡೆಯೂ ನೀವು ಪಕ್ಕದಲ್ಲಿರುವಾಗಲೇ ಅವನು ಓಡಿಸಿರಬೇಕು. ಪರೀಕ್ಷೆ ಪಾಸಾಗಲು ಸಾಕಾಗುವ ಹತ್ತಾರು ಪಾಠಗಳನ್ನು ಕಲಿಕೆ ಎಂದು ನಾನು ಒಪ್ಪುವುದಿಲ್ಲ. ಕಾನೂನು ಕಲಿಕೆಗೂ 18 ಎನ್ನುವ ಕಡೆ, ಅಲ್ಲಿಯವರೆಗೆ ಮಗ ಪಕ್ಕದ ಸೀಟಿನಲ್ಲಿ ಕೂತು ಮುಂದೆ ಕಾಣುವ ಅಪಾಯಗಳನ್ನು ಬಾಯಿಬಿಟ್ಟು ಹೇಳುತ್ತಾ ಬರಲಿ. ಕಣ್ಣನ್ನು ಪಳಗಿಸಲು ಸ್ಟೀರಿಂಗ್ ಬೇಕಿಲ್ಲ.

ಇನ್ನೊಂದು ಮಾತು ನಿಮ್ಮಿಬ್ಬರಿಗೂ. ಕಲಿಸುವಾಗ ಕಿರುಚಬೇಡಿ. ಬೈಗುಳಕ್ಕೆ ಹೆದರಿದ ಹುಡುಗ ನಿಮ್ಮ ಮುಖ ನೋಡುತ್ತಾನೆ, ರಸ್ತೆಯನ್ನಲ್ಲ. ಮತ್ತು ನೀವು ಫೋನ್ ಹಿಡಿದು ಓಡಿಸುವುದನ್ನು ಅವನು ಹಿಂದಿನ ಸೀಟಿನಿಂದ ವರ್ಷಗಟ್ಟಲೆ ನೋಡಿದ್ದರೆ ಆ ಪಾಠ ಆಗಲೇ ಮುಗಿದಿದೆ. ಅದನ್ನು ಮೊದಲು ತಿದ್ದಿಕೊಳ್ಳಬೇಕಾದವರು ನೀವು.

ಪ್ರಶ್ನೆ: ನನಗೆ 17. ಸ್ಕೂಟರ್ ಚೆನ್ನಾಗಿಯೇ ಓಡಿಸುತ್ತೇನೆ, ಒಮ್ಮೆಯೂ ಬಿದ್ದಿಲ್ಲ. ಗೆಳೆಯರೆಲ್ಲ ಓಡಿಸುತ್ತಾರೆ. ಅಪ್ಪ ಮಾತ್ರ ಬೀಗದ ಕೈ ಕೊಡುವುದೇ ಇಲ್ಲ. ಕಾರಿಗಿಂತ ಸ್ಕೂಟರ್ ಸುಲಭ ಅಲ್ಲವೇ?

ಉತ್ತರ: ನಿನಗೆ ಓಡಿಸಲು ಬರುತ್ತದೆ ಎಂದು ನಂಬುತ್ತೇನೆ ತಮ್ಮಾ. ಆದರೂ ನಿನ್ನ ಅಪ್ಪನ ಪಕ್ಷ ನನ್ನದು. ಯಾಕೆ ಎಂದು ವಿವರವಾಗಿ ಹೇಳುತ್ತೇನೆ, ದೊಡ್ಡವರು ಹೇಳಿದರು ಅಂತ ಒಪ್ಪಿಕೋ ಎಂದು ನಾನು ಹೇಳುವುದಿಲ್ಲ.

ಸ್ಕೂಟರ್ ಓಡಿಸುವುದು ಸುಲಭ, ಅದರ ಮೇಲೆ ಪಾರಾಗುವುದು ಕಷ್ಟ. ಕಾರಿನಲ್ಲಿ ಕಲಿಯುವವನ ಪಕ್ಕ ಇನ್ನೊಬ್ಬರು ಕೂರುತ್ತಾರೆ. ತರಬೇತಿ ಕಾರಿನಲ್ಲಿ ಅವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಸ್ಕೂಟರಿನಲ್ಲಿ ಆ ಜಾಗವೇ ಇಲ್ಲ. ಹಿಂದೆ ಕೂತವರು ಕೂಗಬಹುದು ಅಷ್ಟೇ. ಮೊದಲ ದಿನದಿಂದಲೇ ನೀನು ಒಂಟಿ. ಸುತ್ತ ಕಬ್ಬಿಣದ ಗೂಡಿಲ್ಲ, ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ನಾನು ಕಾರಿಗೆ 18 ಎಂದರೆ, ದ್ವಿಚಕ್ರಕ್ಕೆ ಅದಕ್ಕಿಂತ ಕಡಿಮೆ ಎಂದು ಹೇಳಲಾರೆ.

ಲೆಕ್ಕವನ್ನೂ ನೋಡು. ಗಂಟೆಗೆ 60 ಕಿ.ಮೀ. ವೇಗ ಎಂದರೆ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಅಡ್ಡ ಬಂದದ್ದನ್ನು ಕಂಡು, ಏನೆಂದು ತಿಳಿದು, ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಹಿಡಿದರೆ ಬ್ರೇಕ್ ಹತ್ತುವ ಮೊದಲೇ 25 ಮೀಟರ್ ಹೋಗಿರುತ್ತದೆ. ಗಾಡಿ ನಿಲ್ಲುವ ದೂರ ಅದರ ಮೇಲೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಜಾರುವ ದೂರ ನಾಲ್ಕು ಪಟ್ಟು. ಇಲ್ಲಿಯವರೆಗೆ ಬಿದ್ದಿಲ್ಲ ಅಂದೆಯಲ್ಲ, ಯಾರೂ ಅಡ್ಡ ಬಂದಿಲ್ಲ ಎಂಬುದೂ ಅದಕ್ಕೆ ಕಾರಣ ಆಗಿರಬಹುದು.

ಗೆಳೆಯರ ಮಾತು ಎತ್ತಿದ್ದು ಒಳ್ಳೆಯದಾಯಿತು. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟು, ಕೆಲವರನ್ನು ಒಬ್ಬರೇ ಆಡಿಸಿದರು, ಕೆಲವರನ್ನು ಗೆಳೆಯರ ಎದುರು ಆಡಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. 24 ದಾಟಿದವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ನಿಜವಾದ ರಸ್ತೆಯಲ್ಲೂ ಎಳೆಯ ಚಾಲಕರ ಜೊತೆ ಅದೇ ವಯಸ್ಸಿನ ಸವಾರರು ಹೆಚ್ಚಾದಷ್ಟೂ ಸಾವಿನ ಅಪಾಯ ಏರುತ್ತದೆ, ದೊಡ್ಡವರು ಕೂತಿದ್ದರೆ ಇಳಿಯುತ್ತದೆ. ನೀನು ದುರ್ಬಲ ಎಂದು ನಾನು ಹೇಳುತ್ತಿಲ್ಲ. ನಿನ್ನ ವಯಸ್ಸಿನ ಎಲ್ಲರಿಗೂ ಹೀಗೇ ಆಗುತ್ತದೆ, ಅದನ್ನು ತಿಳಿದುಕೊಂಡವನಿಗೆ ಬೇಡ ಎನ್ನಲು ಸುಲಭವಾಗುತ್ತದೆ.

ಲೈಸೆನ್ಸ್ ಬರುವವರೆಗೆ ಸೈಕಲ್ ಓಡಿಸು. ರಸ್ತೆ ಓದುವುದು, ತಿರುವಿನಲ್ಲಿ ಹಿಂದೆ ನೋಡುವುದು, ದೊಡ್ಡ ವಾಹನಗಳ ಕಣ್ಣಿಗೆ ಬೀಳದ ಜಾಗ ಯಾವುದು ಎಂದು ಅರಿಯುವುದು, ಇಷ್ಟನ್ನೂ ಸೈಕಲ್ ಕಲಿಸುತ್ತದೆ. ಗೆಳೆಯನ ಸ್ಕೂಟರಿನ ಹಿಂದಿನ ಸೀಟಿಗೂ ಹತ್ತಬೇಡ. ಓಡಿಸುವವನು ಅವನಾದರೂ ಬೀಳುವಾಗ ನೀನೂ ಜೊತೆಗಿರುತ್ತೀಯ.

ಪ್ರಶ್ನೆ: ಮನೆ ಸುತ್ತಮುತ್ತ ಖಾಲಿ ರಸ್ತೆ. 15 ವರ್ಷದ ಮಗಳಿಗೆ ಅಲ್ಲೇ ಸ್ವಲ್ಪ ಓಡಿಸಲು ಬಿಟ್ಟರೆ ತಪ್ಪೇ?

ಉತ್ತರ: ಸಾರ್ವಜನಿಕ ರಸ್ತೆಯಾದರೆ ಬೇಡ. ಖಾಲಿ ರಸ್ತೆಯಲ್ಲಿ ವೇಗ ತಾನಾಗಿ ಏರುತ್ತದೆ, ಅಲ್ಲಿ ಆಡುವ ಮಕ್ಕಳೂ ರಸ್ತೆ ಖಾಲಿ ಎಂದೇ ನಂಬಿರುತ್ತಾರೆ. ಕಾನೂನಿನ ಮಾತು ಬೇರೆಯೇ ಇದೆ. ಉದಾಹರಣೆಗೆ ಭಾರತದಲ್ಲಿ 2019ರ ತಿದ್ದುಪಡಿಯ ನಂತರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಶಿಕ್ಷೆಗೆ ಹೆದರಿ ಅಲ್ಲ, ಯಾರದೋ ಮಗುವಿನ ಮೇಲೆ ಗಾಡಿ ಹತ್ತಿಸಿದೆ ಎಂಬ ನೋವನ್ನು 15ರ ಹುಡುಗಿ ಜೀವನವಿಡೀ ಹೊರಬಾರದು ಎಂದು ಬೇಡ ಅನ್ನುತ್ತಿದ್ದೇನೆ.

ನಿಮ್ಮದೇ ಬೇಲಿ ಹಾಕಿದ ಜಾಗವಿದ್ದು, ಅಲ್ಲಿ ಬೇರೆ ಯಾರೂ ಓಡಾಡದಿದ್ದರೆ, ನೀವು ಪಕ್ಕದಲ್ಲಿ ಕೂತು ಕ್ಲಚ್ ಬಿಡುವುದು, ನಿಲ್ಲಿಸುವುದು ಕಲಿಸಬಹುದು. ಹ್ಯಾಂಡ್ ಬ್ರೇಕ್ ನಿಮ್ಮ ಕೈಗೆ ಎಟಕುವಂತಿರಲಿ.

ಪ್ರಶ್ನೆ: ನನ್ನ ಮಗಳಿಗೆ 19. ವಯಸ್ಸಾದರೂ ಓಡಿಸಲು ಹೆದರುತ್ತಾಳೆ. ಒತ್ತಾಯ ಮಾಡಬೇಕೇ?

ಉತ್ತರ: ಬೇಡ. ಕಾನೂನು ಹೇಳುವುದು ಕನಿಷ್ಠ ವಯಸ್ಸನ್ನು, ಆ ವಯಸ್ಸಿಗೇ ಕಲಿತಿರಬೇಕು ಎಂದಲ್ಲ. ಹೆದರಿಕೆ ಇರುವವರು ಒಳ್ಳೆಯ ಚಾಲಕರಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಮುಂದಿನ ವಾಹನದಿಂದ ದೂರ ಬಿಡುತ್ತಾರೆ, ಕನ್ನಡಿ ನೋಡುವುದನ್ನು ಮರೆಯುವುದಿಲ್ಲ. ಯಾವುದಕ್ಕೆ ಹೆದರಿಕೆ ಎಂದು ಕೇಳಿ ನೋಡಿ. ಗಾಡಿ ನಡುರಸ್ತೆಯಲ್ಲಿ ಬಂದ್ ಬೀಳುವುದಕ್ಕಾದರೆ ಗೇರಿಲ್ಲದ ಕಾರಿನಲ್ಲಿ ಶುರು ಮಾಡಿಸಿ. ಹಿಂದಿನವರ ಹಾರ್ನಿಗಾದರೆ ಬೆಳಗಿನ ಜಾವ ರಸ್ತೆ ಬಿಡುವಾಗಿರುವ ಹೊತ್ತಿನಲ್ಲಿ, ಮನೆಯವರ ಬದಲು ತಾಳ್ಮೆಯ ತರಬೇತುದಾರರ ಜೊತೆ ಕಳಿಸಿ. ಹಿಂದೆ ಯಾವುದೋ ಅಪಘಾತ ಕಂಡು ಬಂದ ಭಯವಾದರೆ ಆಪ್ತಸಮಾಲೋಚಕರನ್ನು ಕಾಣುವುದು ಒಳ್ಳೆಯದು.

25ಕ್ಕೆ ಶುರು ಮಾಡಿದರೂ ಮೊದಲ ತಿಂಗಳುಗಳು ಎಲ್ಲರಿಗೂ ಹೊಸವೇ. ಲೈಸೆನ್ಸ್ ಬಂದ ಮೇಲೂ ಕೆಲವು ಕಾಲ ನೀವು ಪಕ್ಕದಲ್ಲಿ ಕೂತು ಹೋಗಿ ಬನ್ನಿ, ರಾತ್ರಿ ಪ್ರಯಾಣವನ್ನು ಕೊನೆಗೆ ಇಟ್ಟುಕೊಳ್ಳಿ, ನಿದ್ದೆ ಕೆಟ್ಟ ದಿನ ಓಡಿಸಲು ಹೇಳಲೇಬೇಡಿ. 17 ಗಂಟೆ ಎಚ್ಚರವಿದ್ದವರ ಕೈಕಾಲು ಸ್ವಲ್ಪ ಕುಡಿದವರಷ್ಟೇ ನಿಧಾನವಾಗಿರುತ್ತದೆ.