ರಾಜಕಾರಣಿಗಳು ಸೋಷಿಯಲ್ ಮೀಡಿಯಾವನ್ನು ಎಲ್ಲ ದೇಶಗಳಲ್ಲೂ ಒಂದೇ ಥರ ಬಳಸುತ್ತಾರಾ?

ದುಡ್ಡು ಸುರಿದು ಜಾಹೀರಾತು ಹಾಕಿಸುವುದು ಬಿಟ್ಟರೆ ಇದರಲ್ಲಿ ಬೇರೇನಿದೆ, ಎಲ್ಲ ಕಡೆ ಕಥೆ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಒಂದೇ ಅಲ್ಲ. ಮಾಮೂಲಿ ಪ್ರಚಾರಕ್ಕೆ ಎಲ್ಲಿ ಅಡ್ಡಿ ಇದೆಯೋ ಅದನ್ನು ನೋಡಿ, ಆಗ ವ್ಯತ್ಯಾಸ ಗೊತ್ತಾಗುತ್ತದೆ.

2024ರ ಪಾಕಿಸ್ತಾನ ಚುನಾವಣೆಯನ್ನೇ ತೆಗೆದುಕೊಳ್ಳಿ. ಇಮ್ರಾನ್ ಖಾನ್ ಜೈಲಿನಲ್ಲಿದ್ದರು. ಮತದಾನಕ್ಕೆ ಒಂದು ತಿಂಗಳೂ ಇಲ್ಲದಾಗ ಅವರ ಪಿಟಿಐ ಪಕ್ಷದ ಬ್ಯಾಟ್ ಗುರುತು ಸುಪ್ರೀಂ ಕೋರ್ಟಿನಲ್ಲೂ ಉಳಿಯಲಿಲ್ಲ. ಅಭ್ಯರ್ಥಿಗಳು ಪಕ್ಷೇತರರಾಗಿ ನಿಂತರು. ಒಬ್ಬರಿಗೆ ಬದನೆಕಾಯಿ, ಇನ್ನೊಬ್ಬರಿಗೆ ಮಂಚ. ಇದರ ಕಷ್ಟ ಮಂಡ್ಯದವರಿಗೆ ಚೆನ್ನಾಗಿ ಗೊತ್ತು. 2019ರಲ್ಲಿ ಸುಮಲತಾ ಪಕ್ಷೇತರರಾಗಿ ನಿಂತಾಗ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಕಹಳೆ ಊದುವ ರೈತನ ಗುರುತನ್ನು ಜನರಿಗೆ ಮುಟ್ಟಿಸಬೇಕಿತ್ತು. ಅದು ಒಂದು ಕ್ಷೇತ್ರ. ಪಿಟಿಐ ಇದನ್ನು ದೇಶದ ತುಂಬಾ ಮಾಡಬೇಕಾಯಿತು. ಇಮ್ರಾನ್ ಅವರ ಫೇಸ್‌ಬುಕ್ ಪುಟಕ್ಕೆ ಕ್ಷೇತ್ರದ ಸಂಖ್ಯೆ ಕಳಿಸಿದರೆ ಅಭ್ಯರ್ಥಿಯ ಹೆಸರು, ಗುರುತು ತಾನಾಗಿಯೇ ಬರುತ್ತಿತ್ತು. ಅದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲಿ ಆನ್‌ಲೈನ್ ಸಭೆ ಮಾಡಿದ್ದರು. ಇಮ್ರಾನ್ ವಕೀಲರ ಮೂಲಕ ಕಳಿಸಿದ ಟಿಪ್ಪಣಿ ಎಐ ಸೃಷ್ಟಿಸಿದ ಅವರದೇ ದನಿಯಲ್ಲಿ ಭಾಷಣವಾಯಿತು. ಆ ರಾತ್ರಿ ಇಂಟರ್ನೆಟ್ ಕುಂಟಿತು. ಮತದಾನದ ದಿನ ಮೊಬೈಲ್ ಸೇವೆಯೇ ಬಂದ್. ಇಷ್ಟಾದರೂ ಅತಿ ಹೆಚ್ಚು ಸೀಟು ಗೆದ್ದದ್ದು ಅವರ ಪಕ್ಷೇತರರೇ. ಸರ್ಕಾರ ಮಾತ್ರ ಬೇರೆಯವರು ಮಾಡಿದರು. ಮತದಾರರಿಗೆ ಬೇಕಾದ ಮಾಹಿತಿಯನ್ನೇ ಕೊಟ್ಟ ಈ ಪ್ರಚಾರದ ಬಗ್ಗೆ ನನಗೆ ನಿಜವಾಗಿ ಗೌರವವಿದೆ.

ಬ್ರೆಜಿಲ್‌ನಲ್ಲಿ ಪ್ರಚಾರಕ್ಕೆ ಸಿಗುವ ಟಿವಿ ಸಮಯ ಪಕ್ಷದ ಬಲಕ್ಕೆ ತಕ್ಕ ಹಾಗೆ ಹಂಚಿಕೆಯಾಗುತ್ತದೆ. 2018ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬೋಲ್ಸನಾರೊ ಅವರ ಪಕ್ಷ ಚಿಕ್ಕದು, ಹಾಗಾಗಿ ಕೆಲವೇ ಸೆಕೆಂಡು ಸಿಕ್ಕಿತು. ಅವರು ವಾಟ್ಸಾಪ್ ಗುಂಪುಗಳನ್ನು ನೆಚ್ಚಿಕೊಂಡರು. ಸೆಪ್ಟೆಂಬರ್‌ನಲ್ಲಿ ಚೂರಿ ಇರಿತವಾದ ಮೇಲೆ ಆಸ್ಪತ್ರೆಯಿಂದಲೇ ಲೈವ್ ಬಂದರು. ಆ ಗುಂಪುಗಳಲ್ಲಿ ಸುಳ್ಳು ಸುದ್ದಿಯೂ ಧಾರಾಳವಾಗಿ ಹರಿಯಿತು.

ನನಗೆ ಭಯ ಹುಟ್ಟಿಸುವುದು ಇಂಡೋನೇಷ್ಯಾ. ಪ್ರಬೋವೊ ಮಾಜಿ ಜನರಲ್. ಹೋರಾಟಗಾರರ ಅಪಹರಣ ಪ್ರಕರಣದಲ್ಲಿ 1998ರಲ್ಲಿ ಸೇನೆ ಅವರನ್ನು ಹೊರಗೆ ಕಳಿಸಿತ್ತು. ಆರೋಪವನ್ನು ಅವರು ಒಪ್ಪುವುದಿಲ್ಲ, ಕೋರ್ಟಿನಲ್ಲಿ ಅವರ ವಿಚಾರಣೆಯೂ ನಡೆಯಲಿಲ್ಲ. 13 ಮಂದಿ ಹೋರಾಟಗಾರರು ಇಂದಿಗೂ ಪತ್ತೆಯಿಲ್ಲ. 2014, 2019ರ ಅಧ್ಯಕ್ಷ ಚುನಾವಣೆಗಳಲ್ಲಿ ಸೋತವರು 2024ರಲ್ಲಿ ಟಿಕ್‌ಟಾಕ್‌ನಲ್ಲಿ ಕುಣಿಯುವ ಮುದ್ದು ತಾತನಾದರು. ಎಐ ಬಿಡಿಸಿದ ದುಂಡು ಮುಖದ ಕಾರ್ಟೂನು ಎಲ್ಲೆಲ್ಲೂ ಕಂಡಿತು. ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಯುವಜನ, ಎಷ್ಟೋ ಜನರಿಗೆ 1998ರ ನೆನಪೇ ಇಲ್ಲ. ಮೊದಲ ಸುತ್ತಿನಲ್ಲೇ ಶೇ 58ರಷ್ಟು ಮತ ಬಂತು. ನೀವು ಒಂದೇ ದೇಶವನ್ನು ಆಳವಾಗಿ ಓದುವುದಾದರೆ ಇಲ್ಲಿಂದಲೇ ಶುರು ಮಾಡಿ.